ಉಚ್ಚೆಂಗಮ್ಮ ಗುಡಿಸಿದ ಗುಡ್ಡ

ಉಚ್ಚೆಂಗಮ್ಮನ ಅಂಗಳದಲ್ಲಿ ಎಲೆ ಹಾಕದೆ ಅನ್ನ ಬಡಿಸಿಕೊಂಡು ಉಣ್ಣಬಹುದು ಎಂದು ಎಮ್ಮಿಗುಡ್ಡದ ಕೇರಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಹೊಟ್ಟೆಕಿಚ್ಚು. ಸಂಡೂರು ತಾಲೂಕಿನ ಈ ಮೂಲೆಯಲ್ಲಿ ಅಂಗಳ ಚೊಕ್ಕವಾಗಿಡುವುದು ಹುಡುಗಾಟದ ಮಾತಲ್ಲ. ಅದಿರಿನ ಟಿಪ್ಪರುಗಳು ಓಡುವ ರಸ್ತೆ ಕೇರಿಯ ಮಗ್ಗುಲಲ್ಲೇ ಇದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಕೆಂಪು ಧೂಳು ಕರೆಯದ ನೆಂಟನಂತೆ ಮತ್ತೆ ಬಂದು ಕೂತಿರುತ್ತದೆ. ಆಕೆ ಮತ್ತೆ ಗುಡಿಸುತ್ತಿದ್ದಳು. ಸಂಜೆ ಇನ್ನೊಂದು ಸಲ. ಸಗಣಿ ಸಾರಿಸಿ, ನಾಲ್ಕು ಎಳೆ ರಂಗೋಲಿ ಎಳೆದು, ಕಸಬರಿಗೆಯನ್ನು ಬಾಗಿಲ ಹಿಂದೆ ನಿಲ್ಲಿಸಿದ ಮೇಲೆಯೇ ಆಕೆ ಕುಂಡಿ ಊರಿ ಕೂರುತ್ತಿದ್ದುದು.

ನನ್ನದು ಸಂಡೂರು ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿ. ಹೆಸರು ಶೈಲಶ್ರೀ. ಬಾಯಿ ಜೋರು ಎನ್ನುವುದನ್ನು ಜನ ನನ್ನ ಹೆಸರಿಗಿಂತ ಮುಂಚೆ ಹೇಳುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ‘ಗುಡ್ಡ ಉಳಿಸಿ ಬಳಗ’ ಅಂತ ನಮ್ಮದೊಂದು ಗುಂಪಿದೆ. ಅದರಿಂದ ಸರ್ಕಾರಕ್ಕೆ ಹೋದ ಮನವಿಗಳನ್ನೆಲ್ಲ ಟೈಪು ಮಾಡಿದವಳು ನಾನೇ. ಎಮ್ಮಿಗುಡ್ಡವನ್ನು ಗಣಿಗೆ ಕೊಡಬೇಡಿ, ಸಂರಕ್ಷಿತ ಪ್ರದೇಶ ಎಂದು ಘೋಷಿಸಿ ಎನ್ನುವ ಒಂದೇ ಮಾತನ್ನು ಎಷ್ಟು ಬಗೆಯಲ್ಲಿ ಬರೆದೆನೋ ನನಗೇ ನೆನಪಿಲ್ಲ. ಮಂತ್ರಿಗಳು ಬದಲಾದಾಗ ಮೇಲಿನ ಹೆಸರು ಬದಲಾಯಿಸುವುದು, ಕೆಳಗಿನ ಗೋಳು ಹಾಗೇ ಬಿಡುವುದು. ಕೊನೆಗೆ ಆ ಗುಡ್ಡದ ದಕ್ಷಿಣದ ಮೈ ನಮ್ಮ ಕೈತಪ್ಪಿ ಹೋಯಿತು. ಹೇಗೆ ಹೋಯಿತು ಅಂತ ಸಂಡೂರಲ್ಲಿ ಕೇಳಿ, ಹೊಸಪೇಟೆಯಲ್ಲಿ ಕೇಳಿ, “ಒಬ್ಬಾಕಿ ಗುಡಿಸಿ ಹಾಕಿದ್ಲಂತ” ಎಂದು ನಗುತ್ತಾರೆ. ಆ ನಗು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಉಚ್ಚೆಂಗಮ್ಮ ಹುಟ್ಟಿದ್ದು ಚೋರನೂರು ಕಡೆ. ಮಳೆ ನಂಬಿ ಜೋಳ ಬಿತ್ತುವ ಊರು, ಬೇರೆಯವರ ಹೊಲದಲ್ಲಿ ಕೂಲಿ ಮಾಡುವ ಮನೆ. ಸುಂಕಪ್ಪನನ್ನು ಮದುವೆಯಾಗಿ ಎಮ್ಮಿಗುಡ್ಡದ ಕೇರಿಗೆ ಬಂದಾಗ ಅದಿರಿಗೆ ಬಂಗಾರದ ಕಾಲ. ಹೊಲದ ಕೂಲಿ ಬಿಟ್ಟು ಊರಿಗೆ ಊರೇ ಗುಡ್ಡ ಹತ್ತಿತ್ತು. ಗಂಡ ಹೆಂಡತಿ ಇಬ್ಬರೂ ಗಣಿಯ ಹತ್ತಿರವೇ ತಗಡಿನ ಗುಡಿಸಲು ಹಾಕಿಕೊಂಡು ಸುತ್ತಿಗೆಯಿಂದ ಅದಿರು ಒಡೆದರು. ಮಗಳು ಸುನಿತಾ ಅದಿರಿನ ರಾಶಿಯ ಪಕ್ಕದಲ್ಲೇ ಅಂಬೆಗಾಲಿಟ್ಟಳು, ಅಲ್ಲೇ ನಡೆಯಲು ಕಲಿತಳು. ಮಗುವಿಗೆ ಎಷ್ಟು ಸಲ ಎರೆದರೂ ಕೆಳಗೆ ಕೆಂಪು ನೀರೇ ಹರಿಯುತ್ತಿತ್ತಂತೆ. ಮಾತು ಬರುವ ಹೊತ್ತಿಗೆ ಕೆಮ್ಮೂ ಬಂತು. ಒಂದು ಬೇಸಿಗೆಯಲ್ಲಿ ಕೆಮ್ಮಿನ ಹಿಂದೆ ಜ್ವರ ಬಂತು. ಆಸ್ಪತ್ರೆಗೆ ಒಯ್ಯಲು ಯಾವುದಾದರೂ ಲಾರಿ ನಿಲ್ಲಲಿ ಎಂದು ರಸ್ತೆ ಬದಿಯಲ್ಲಿ ಕೂತಿದ್ದಾಗಲೇ ಮಗು ತಾಯಿಯ ತೊಡೆಯ ಮೇಲೆ ಹೋಯಿತು.

ಗುಡ್ಡದ ದಕ್ಷಿಣದ ಮೈಯನ್ನು ಆಗಿನ್ನೂ ಯಾರೂ ಅಗೆದಿರಲಿಲ್ಲ. ಅಲ್ಲೊಂದು ಒರತೆ. ಎಂಥ ಬೇಸಿಗೆಯಲ್ಲೂ ಬೊಗಸೆ ನೀರಿಗೆ ಮೋಸವಿಲ್ಲ. ಅದರ ಮೇಲ್ಗಡೆ ಒಂದು ಹಳೆಯ ಕಮರದ ಮರ. ಮಗುವನ್ನು ಆ ಮರದ ಬುಡದಲ್ಲಿ ಹೂತರು. “ಅಲ್ಲಿ ನೀರ ಐತಿ, ನೆಳ್ಳ ಐತಿ, ಧೂಳ ಬರಂಗಿಲ್ಲ” ಎಂದು ಜಾಗ ತೋರಿಸಿದವಳು ಉಚ್ಚೆಂಗಮ್ಮನೇ. ಆಮೇಲೆ ಆಕೆಗೆ ಮಕ್ಕಳಾಗಲಿಲ್ಲ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ, ನಡುವೆ ಮನಸ್ಸಾದಾಗೆಲ್ಲ ಕಸಬರಿಗೆ ಹಿಡಿದು ಗುಡ್ಡ ಹತ್ತುವಳು, ಮರದ ಬುಡ ಗುಡಿಸುವಳು, ಒರತೆಯಿಂದ ನೀರು ತಂದು ಚಿಮುಕಿಸುವಳು. ಎಲ್ಲಿಗೆ ಹೋಗಿದ್ದಿ ಅಂದರೆ “ಸುನಿತಾನ ಮನಿಗೆ” ಅನ್ನುವಳು, ಮಗಳನ್ನು ಪಕ್ಕದ ಊರಿಗೆ ಕೊಟ್ಟವರು ಹೇಳುವಷ್ಟು ಸಲೀಸಾಗಿ. ಸುಂಕಪ್ಪ ಮಾತ್ರ ಅತ್ತ ಸುಳಿಯಲಿಲ್ಲ. ಕೋರ್ಟಿನ ಆದೇಶದಿಂದ ಗಣಿಗಳು ನಿಂತ ಮೇಲೆ ಅವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹಿಡಿದ. ಪಾಳಿ ಮುಗಿಸಿ ಬಸ್ಸಿಳಿದು ಮನೆಗೆ ಬಂದರೆ ಗುಡ್ಡಕ್ಕೆ ಬೆನ್ನು ಮಾಡಿ ಕೂರುವನು.

ಗಣಿಗಳು ಮತ್ತೆ ಒಂದೊಂದಾಗಿ ಬಾಗಿಲು ತೆಗೆದವು. ಆಗ ಒಂದು ಕಂಪನಿಯ ಕಣ್ಣು ದಕ್ಷಿಣದ ಮೈಯ ಮೇಲೆ ಬಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾಗಿದ್ದ ಕೊಟ್ರಬಸಪ್ಪ ಮಾಸ್ತರರು ಬಳಗ ಕಟ್ಟಿದರು. ಸಹಿ ಹಾಕಿಸಲು ಅವರು ಕೇರಿಗೆ ಹೋದಾಗ ಗಂಡಸರೆಲ್ಲ ನೆಲ ನೋಡಿದರು. ಗಣಿ ಬಂದರೆ ಕೆಲಸ ಬರುತ್ತದೆ ಅಂತ ಅವರಿಗೆ ಆಸೆ. ಅದರಲ್ಲಿ ತಪ್ಪೇನೂ ಇಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಉಚ್ಚೆಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಹೆಬ್ಬೆಟ್ಟು ಒತ್ತಿದಳು. “ಇದಿಷ್ಟಕ್ಕ ಮುಗೀತೇನ್ರಿ, ಎಲ್ಲಿಗರ ಬರ್ಬೇಕೇನ್ರಿ?” ಎಂದು ಕೇಳಿದಳು.

ಬಳಗದ ಸಭೆಗಳು ಸಂಡೂರಿನಲ್ಲಿ ಮಾಸ್ತರರ ಮನೆಯಲ್ಲೇ ನಡೆಯುತ್ತಿದ್ದವು. ಮೊದಲ ಸಭೆಗೆ ಬಂದವಳು ಕಟ್ಟೆಯ ಕೆಳಗೇ ನಿಂತಳು. ಮಾಸ್ತರರು ಲಿಂಗವಂತರು, ಆಕೆ ಹೊಲಗೇರಿಯವಳು. ಆಕೆಯ ಕಾಲಿಗೆ ಹುಟ್ಟಿದಾಗಿನಿಂದ ಆ ಕಟ್ಟೆಯ ಲೆಕ್ಕ ಗೊತ್ತು. “ಒಳಗ ಬಾ ತಾಯಿ, ಹೊರಗ ನಿಂತ್ರ ನಾನೂ ಹೊರಗ ನಿಂತು ಸಭಾ ಮಾಡ್ಬೇಕಾಗ್ತೈತಿ” ಎಂದರು ಮಾಸ್ತರರು. ಅವರ ಹೆಂಡತಿ ತೀರಿಕೊಂಡಿದ್ದರು. ಅಡುಗೆಮನೆಯಲ್ಲಿ ಒಲೆ ಹಚ್ಚುವವರಿರಲಿಲ್ಲ. ಮುಂದಿನ ಸಭೆಯಲ್ಲಿ ಉಚ್ಚೆಂಗಮ್ಮ ಚಹಾ ಮಾಡಿದಳು, ಮಾಸ್ತರರು ಎಲ್ಲರೆದುರು ಮೊದಲ ಲೋಟ ಎತ್ತಿಕೊಂಡರು. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಆಕೆ ನನ್ನ ಅಂಗಡಿಗೆ ಬಂದು, “ಲಿಂಗ ಕಟ್ಟಿದೋರ ಅಡಗಿಮನ್ಯಾಗ ನನ್ನ ಕೈಯಾನ ಚಾ, ಶೈಲಕ್ಕ!” ಎಂದು ಹೇಳಿದಾಗಿನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಅಂದಿನಿಂದ ಆಕೆಯ ಚಹಾ ಇಲ್ಲದೆ ಸಭೆಯಿಲ್ಲ. ಮುಂದೆ ಪಡಸಾಲೆಯಲ್ಲಿ ನಾವು ಗುಡ್ಡದ ಬಗ್ಗೆ ಮಾತಾಡುತ್ತಿದ್ದೆವು, ಹಿಂದೆ ಒಲೆಯ ಮುಂದೆ ಆಕೆ ಶುಂಠಿ ಜಜ್ಜುತ್ತಿದ್ದಳು. ಆಕೆಗೆ ಅದು ಮರ್ಯಾದೆ. ನಮಗೆ ಚಹಾ ರುಚಿ. ಪಡಸಾಲೆಯಲ್ಲಿ ಏನು ತೀರ್ಮಾನವಾಯಿತು ಎಂದು ಆಕೆಗೆ ತಿಳಿಸಬೇಕು ಅಂತ ಬಳಗದಲ್ಲಿ ಯಾರಿಗೂ ಹೊಳೆಯಲಿಲ್ಲ.

ಸರ್ಕಾರದಿಂದ ಕೆಲಸ ಮಾಡಿಸುವುದು ಅಂದರೆ ಕಾಯುವುದು. ಹೋರಾಟ ಅಂದ ಕೂಡಲೇ ಜನ ಬಾವುಟ, ಘೋಷಣೆ, ಪೊಲೀಸರು ಅಂದುಕೊಳ್ಳುತ್ತಾರೆ. ನಮ್ಮದು ಬಹುಪಾಲು ಬೆಂಚಿನ ಮೇಲೆ ನಡೆಯಿತು. ಹೊಸಪೇಟೆಯಲ್ಲಿ ರೈಲು ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಸ್ಟೇಷನ್ನಿನ ನಲ್ಲಿಯಲ್ಲಿ ಮುಖ ತೊಳೆದು, ವಿಕಾಸಸೌಧದ ಗೇಟಿನಲ್ಲಿ ಪಾಸಿಗೆ ನಿಲ್ಲುವುದು. ಒಳಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಒಂದು ಸಲ ಹೋದಾಗ ಫೈಲು ಮೇಲೆ ಹೋಗಿದೆ, ಇನ್ನೊಂದು ಸಲ ಹೋದಾಗ ಕೆಳಗೆ ಬಂದಿದೆ. ಆ ಫೈಲಿನಷ್ಟು ಮೆಟ್ಟಿಲು ನಾನು ಹತ್ತಿ ಇಳಿದಿದ್ದರೆ ನನ್ನ ಮೈಯಾದರೂ ಕರಗುತ್ತಿತ್ತು. ನಡುವೆ ಹಂಪಿಯಲ್ಲಿ ಪ್ರವಾಸಿಗರನ್ನು ನಿಲ್ಲಿಸಿ ಸಹಿ ಹಾಕಿಸಿದೆವು. ಕಂಪ್ಲಿಯ ಒಬ್ಬ ರೈಸ್ ಮಿಲ್ ಮಾಲೀಕರು ಬೆಂಬಲ ಸೂಚಿಸಿ ಪತ್ರ ಕೊಟ್ಟು, ತಮ್ಮ ಬೀಗರು ಟಿಪ್ಪರು ಇಟ್ಟಿರುವುದು ನೆನಪಾಗಿ ವಾಪಸ್ ಇಸಿದುಕೊಂಡರು. ಮಾಸ್ತರರು ಅದಕ್ಕೂ ನಕ್ಕರು. ನಾನು ನಗಲಿಲ್ಲ, ಆ ಪತ್ರ ಟೈಪು ಮಾಡಿದವಳು ನಾನು.

ಉಚ್ಚೆಂಗಮ್ಮ ಒಂದು ಸಲವೂ ತಪ್ಪಿಸಲಿಲ್ಲ. ಕಾಲದಲ್ಲಿ ಸೀತಾಫಲ, ಕಾಲವಲ್ಲದಾಗ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುವಳು. ಎಲ್ಲಿ ಕೂರುವುದಿದ್ದರೂ ಮೊದಲು ಸೆರಗಿನಿಂದ ಬೆಂಚು ಝಾಡಿಸುವಳು. ವಿಕಾಸಸೌಧದ ಕಾರಿಡಾರಿನಲ್ಲಿ ಯಾರೋ ಬಿಸಾಕಿದ್ದ ಶೇಂಗಾ ಸಿಪ್ಪೆಯನ್ನು ಬಗ್ಗಿ ಆರಿಸತೊಡಗಿದಾಗ ನನಗೆ ನಾಚಿಕೆಯಾಗಿ, “ಬಿಡಬೇ, ಅದಕ್ಕ ಬ್ಯಾರೆ ಮಂದಿ ಅದಾರ” ಎಂದು ಗದರಿದೆ. ಆಕೆ ತಲೆಯೆತ್ತಿ, “ಸರ್ಕಾರ ಅಂದ್ರ ನಮ್ದ ಅಂತ ಮಾಸ್ತರ್ರು ಹೇಳ್ತಾರಲ್ರಿ. ನಮ್ಮ ಮನಿ ಕಸ ನಾವು ತಗದ್ರ ಏನಾತು?” ಎಂದಳು. ಅಲ್ಲಿದ್ದ ಒಬ್ಬ ಗುಮಾಸ್ತ, “ಏನಮ್ಮಾ, ವಿಧವಾ ಪಿಂಚಣಿ ಬಂದಿಲ್ವಾ?” ಎಂದು ಕೇಳಿದ. ಕುತ್ತಿಗೆಯಲ್ಲಿ ಕರಿಮಣಿ ಇದ್ದ ಹೆಂಗಸನ್ನು. ನಾನು ಅವನಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಕಡೆಗೊಮ್ಮೆ ಮಂತ್ರಿಗಳು ಸಿಕ್ಕರು. ಮಾಸ್ತರರು ಒರತೆ, ಕರಡಿ, ಮಳೆನೀರು ಅಂತ ಕ್ರಮವಾಗಿ ಹೇಳುತ್ತಿದ್ದರೆ ಮಂತ್ರಿಗಳ ಕಣ್ಣು ಗಡಿಯಾರದ ಮೇಲಿತ್ತು. ಸಾಕು ಎನ್ನುವಂತೆ ಅವರು ಕೈ ಎತ್ತಿದಾಗ ಹಿಂದೆ ನಿಂತಿದ್ದ ಉಚ್ಚೆಂಗಮ್ಮ ಮಾತಾಡಿಬಿಟ್ಟಳು.

“ಸಾಹೇಬ್ರ, ನನ್ನ ಮಗಳು ಅಲ್ಲೇ ಅದಾಳ್ರಿ.”

“ಏನ್ ಮಾಡ್ತಿದ್ದಾಳಮ್ಮ ಅಲ್ಲಿ?” ಎಂದರು ಮಂತ್ರಿಗಳು, ಎದ್ದೇಳುತ್ತಾ.

“ಮಲಗ್ಯಾಳ್ರಿ. ಸಣ್ಣಾಕಿದ್ದಾಗ ಹೋದ್ಲು. ಕಮರದ ಮರದ ಬುಡಕ ಇಟ್ಟೀವ್ರಿ.”

ಮಂತ್ರಿಗಳು ಮತ್ತೆ ಕೂತರು. ಆಕೆಗೆ ಧೈರ್ಯ ಬಂತು. “ನಾ ಮತ್ತೇನೂ ಕೇಳಂಗಿಲ್ರಿ. ಒಮ್ಮಿ ಬಂದು ನೋಡ್ರಿ. ನೀರ ಐತಿ, ಮರ ಅದಾವ, ಕರಡಿ ಬರ್ತಾವ. ಕಣ್ಣಾರೆ ನೋಡಿದೋರು ಅದನ್ನ ಅಗೀರಿ ಅನ್ನಂಗಿಲ್ರಿ. ನಮ್ಮ ಮನಿಗೆ ಬಂದಂಗ ಬರ್ರಿ.”

“ನಾನು ಬರೋಕಾಗಲ್ಲಮ್ಮ. ಒಂದು ಸಮಿತಿ ಕಳಿಸ್ತೀನಿ” ಎಂದರು ಮಂತ್ರಿಗಳು. “ಅವರು ಅಲ್ಲಿ ಕಣ್ಣಿಂದ ಏನು ನೋಡ್ತಾರೋ ಅದನ್ನೇ ನಂಬ್ತೀನಿ.” ಅಷ್ಟು ವರ್ಷ ನನ್ನ ಕಾಗದಗಳು ಮಾಡದ ಕೆಲಸವನ್ನು ಆಕೆ ಮಾಡಿದ್ದಳು. ವಾಪಸ್ ಬರುವಾಗ ರೈಲಿನಲ್ಲಿ ಮಾಸ್ತರರು ಆಕೆಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಸಮಿತಿ ಬರುವ ದಿನ ಗೊತ್ತಾದ ಮೇಲೆ ದೊಡ್ಡ ಸಭೆ ಸೇರಿತು. ಪಂಪೇಶ್ ಎಂಬ ಹುಡುಗ ನಮ್ಮ ಬಳಗದಲ್ಲಿದ್ದ. ಅದೇ ಕೇರಿಯವನು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದಿ ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಮೊಬೈಲ್ ಫೋಟೋಗಳನ್ನು ಸಮಿತಿ ಒಪ್ಪುವುದಿಲ್ಲ, ಯಾವ ಕಾಡಿನಲ್ಲಿ ತೆಗೆದದ್ದೋ ಅನ್ನುತ್ತಾರೆ ಎಂದು ಅವನು ವಿವರಿಸಿದ. ಆದರೆ ಬೇಸಿಗೆಯಾದ್ದರಿಂದ ಕರಡಿಗಳು ನೀರಿಗೆ ಬರುತ್ತಿವೆ. ಒರತೆಯ ಅಂಚಿನ ಕೆಸರಲ್ಲಿ ಹೆಜ್ಜೆ ಅಚ್ಚೊತ್ತಿದಂತಿದೆ. ಬಾರೆಹಣ್ಣಿನ ಬೀಜ ತುಂಬಿದ ಲದ್ದಿ ಬಿದ್ದಿದೆ. ಗೆದ್ದಲಿಗಾಗಿ ಹುತ್ತ ಕೆದರಿವೆ. “ಯಾರೂ ಆ ಕಡೆ ಕಾಲಿಡಬ್ಯಾಡ್ರಿ. ಹೆಂಗ ಐತೋ ಹಂಗ ಇರ್ಲಿ. ಅವ್ರು ಬಂದು ನೋಡ್ಲಿ, ಸಾಕು” ಎಂದ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಒಳಗಿನಿಂದ ಚಹಾ ಬಂತು.

ಸಮಿತಿ ಬಂದ ದಿನ ನಾನೂ ಮಾಸ್ತರರೂ ಪಂಪೇಶನೂ ಅವರ ಜೀಪುಗಳ ಜೊತೆ ಸಂಡೂರಿನಿಂದ ಹೊರಟೆವು. ಬಂದಿದ್ದವರು ಕೆಟ್ಟವರಲ್ಲ. ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿ ದಾರಿಯುದ್ದಕ್ಕೂ ಮರಗಳ ಹೆಸರು ಕೇಳುತ್ತಾ, ಕ್ಯಾಪು ತೆಗೆದು ಬೆವರು ಒರೆಸಿಕೊಳ್ಳುತ್ತಾ ಹತ್ತಿದರು. ಮುಂದೆ ನಡೆಯುತ್ತಿದ್ದ ಪಂಪೇಶ್ ಒರತೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟ. ನಾನು ಅವನ ಬೆನ್ನಿಗೆ ಡಿಕ್ಕಿ ಹೊಡೆದು, ಅವನ ಹೆಗಲ ಮೇಲಿಂದ ನೋಡಿದೆ.

ಒರತೆಯ ದಾರಿಯುದ್ದಕ್ಕೂ ಕಸಬರಿಗೆಯ ಗೀರುಗಳು. ಒಂದು ಒಣಗಿದ ಎಲೆ ಇಲ್ಲ. ಸಾಹೇಬರ ಬೂಟು ಕೆಸರಾಗಬಾರದೆಂದು ನೀರಿನ ಅಂಚಿಗೆಲ್ಲ ಗರಸು ತುಂಬಿ ತುಳಿದು ಗಟ್ಟಿ ಮಾಡಿದ್ದರು. ಅದರ ಮೇಲೆ ಸಗಣಿ ಸಾರಿಸಿ, ಇಷ್ಟಗಲದ ರಂಗೋಲಿ. ಕೆದರಿದ ಹುತ್ತಕ್ಕೆ ಹೊಸ ಮಣ್ಣು ಮೆತ್ತಿ ಅರಿಶಿನ ಕುಂಕುಮ ಹಚ್ಚಿದ್ದರು. ಕಮರದ ಮರಕ್ಕೆ ಚೆಂಡುಹೂವಿನ ಸರ. ಲದ್ದಿಯನ್ನು ಬುಟ್ಟಿಯಲ್ಲಿ ಬಳಿದು ದೂರ ಎಸೆದಿದ್ದರೆಂದು ಆಮೇಲೆ ಗೊತ್ತಾಯಿತು. ಹಿಂದಿನ ದಿನವೇ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಬಂದು ಉಚ್ಚೆಂಗಮ್ಮ ದುಡಿದಿದ್ದಳು. ಮದುವೆಗೆ ಉಡುವ ಹಸಿರು ಸೀರೆ ಉಟ್ಟು, ತಾಮ್ರದ ಚೊಂಬಿನಲ್ಲಿ ನೀರು ಹಿಡಿದು ಮರದ ಕೆಳಗೆ ನಿಂತಿದ್ದಳು. “ಬರ್ರಿ ಸಾಹೇಬ್ರ, ಕಾಲಿಗೆ ನೀರ ತಗೋರಿ, ಕುಂದ್ರಿ” ಎಂದಳು. ಅಲ್ಲಿ ಕಂಬಳಿ ಹಾಸಿತ್ತು.

ಹಿರಿಯ ಅಧಿಕಾರಿ ಸುತ್ತ ನೋಡಿ, ಮನಸ್ಸಿನಿಂದಲೇ, “ಜಾಗನ ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ” ಎಂದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಜೀವಮಾನದಲ್ಲಿ ಆಕೆಯ ಬಾಗಿಲಿಗೆ ಅಂಥ ಅತಿಥಿಗಳು ಬಂದಿದ್ದು ಅದೇ ಮೊದಲು, ಬಂದದ್ದೂ ಮಗಳ ಮನೆಗೆ. ಅವರು ಕೂತು ನೀರು ಕುಡಿದರು, ಬೆಲ್ಲ ತಿಂದರು. ಮಾಸ್ತರರು ಫೋನು ತೆಗೆದು ಫೋಟೋ ತೋರಿಸತೊಡಗಿದರು. ಪಂಪೇಶ್ ಪೊದೆಗಳ ಹಿಂದೆ, ಬಂಡೆಗಳ ಸಂದಿಯಲ್ಲಿ ಹುಚ್ಚನಂತೆ ಹುಡುಕಾಡಿ ಬರಿಗೈಯಲ್ಲಿ ಬಂದ. ಕಲ್ಲು ನೆಲದಲ್ಲಿ ಹೆಜ್ಜೆ ಎಲ್ಲಿ ಮೂಡಬೇಕು, ಇದ್ದ ಕೆಸರು ಅದೊಂದೇ.

ಇಳಿಯುವಾಗ ನಾನು ಪಂಪೇಶನ ಮುಖ ನೋಡಿ, ಈಗ ಆಕೆಯ ಮೇಲೆ ಹರಿಹಾಯುತ್ತಾನೆ ಅಂದುಕೊಂಡೆ. ಉಚ್ಚೆಂಗಮ್ಮ ಅವನ ಹತ್ತಿರ ಬಂದು, “ಹೆಂಗಾತೋ ತಮ್ಮಾ? ಖುಷಿ ಆದ್ರಲ್ಲ?” ಎಂದು ಕೇಳಿದಳು. ಅವನು, “ಭಾಳ ಖುಷಿ ಆದ್ರು ದೊಡ್ಡವ್ವ” ಎಂದ. ಆಮೇಲೆ ಕೆಳಗೆ ಬಂದು ಜೀಪಿನ ಮರೆಯಲ್ಲಿ ನಿಂತು ಹಣೆ ಹಣೆ ಬಡಿದುಕೊಂಡ. ಆ ಸಂಜೆ ಆಕೆ ಇಡೀ ಕೇರಿಗೆ ಮಂಡಕ್ಕಿ ಹಂಚಿದಳಂತೆ.

ಆದೇಶ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಎಮ್ಮಿಗುಡ್ಡದ ಉತ್ತರ ಮೈ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಹಳೆಯ ಗಣಿಯ ಗುಂಡಿಗಳು, ಬೋಳು ಬಂಡೆ. ದಕ್ಷಿಣ ಮೈಯನ್ನು ಕೈಬಿಟ್ಟಿದ್ದರು. ‘ಒರತೆಯ ಸುತ್ತಲಿನ ಭಾಗವು ಗ್ರಾಮಸ್ಥರು ನಿತ್ಯ ಬಳಸುವ, ಶುಚಿಗೊಳಿಸಿದ ಪೂಜಾಸ್ಥಳವಾಗಿದ್ದು, ವನ್ಯಜೀವಿಗಳ ಯಾವುದೇ ಕುರುಹು ಕಂಡುಬಂದಿರುವುದಿಲ್ಲ’ ಎಂದು ಬರೆದಿತ್ತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾಸ್ತರರು ಮತ್ತೆ ಬೆಂಗಳೂರಿಗೆ ಓಡಿದರು, ಮರುಪರಿಶೀಲನೆಗೆ ನಾನು ಮತ್ತೆ ಟೈಪು ಮಾಡಿದೆ. ಅಷ್ಟರಲ್ಲಿ ಆ ಮಂತ್ರಿಗಳ ಖಾತೆ ಬದಲಾಗಿತ್ತು.

ಆಕೆಗೆ ಹೇಳುವುದು ಬೇಡ ಅಂತ ಬಳಗದಲ್ಲಿ ಮಾತಾಗಿತ್ತು. ಊರ ಬಾಯಿ ಮುಚ್ಚಲಾಗುತ್ತದೆಯೇ? ಒಂದು ಮಧ್ಯಾಹ್ನ ಉಚ್ಚೆಂಗಮ್ಮ ನನ್ನ ಅಂಗಡಿಗೆ ಬಂದು, ಕಟ್ಟೆಯ ಮೇಲೆ ಕೂತು, “ಆ ಕಾಗದ ಓದಿ ಹೇಳ್ರಿ ಶೈಲಕ್ಕ” ಎಂದಳು. ಓದಿದೆ. ಕೆಲವನ್ನು ನುಂಗಿ ಓದಲು ನೋಡಿದೆ, ಆಕೆ ಬಿಡಲಿಲ್ಲ.

“ಕುರುಹು ಅಂದ್ರ ಏನ್ರಿ?”

“ಗುರ್ತು, ಉಚ್ಚೆಂಗಕ್ಕ. ಕರಡಿ ಹೆಜ್ಜಿ, ಲದ್ದಿ, ಹುತ್ತ ಕೆದರಿದ್ದು... ಅಂಥವು.”

ಎದುರು ಬಸ್ಸೊಂದು ಬಂದು, ಜನ ಇಳಿದು, ಜನ ಹತ್ತಿ, ಬಸ್ಸು ಹೋಯಿತು. ಆಕೆ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ನೋಡುತ್ತಾ ಕೂತಿದ್ದಳು. ಆಮೇಲೆ, “ಕರಡಿದು ಹಿಂಗಾಲ ಹೆಜ್ಜಿ ಕೂಸಿನ ಪಾದದಂಗ ಇರ್ತೈತ್ರಿ” ಎಂದಳು. “ಸಣ್ಣ ಕರಡಿದು ಥೇಟ್ ಸುನಿತಾಂದ ಹಂಗ. ಹೋದಾಗೆಲ್ಲ ಕೆಸರಾಗ ನೋಡ್ತಿದ್ದೆ. ಅಷ್ಟು ವರ್ಷ ಮರದ ಬುಡ ಗುಡಿಸಿದ್ರೂ ಅವನ್ನ ಮುಟ್ಟಿದ್ದಿಲ್ಲ. ದೊಡ್ಡ ಮಂದಿ ಬರ್ತಾರಂತ ನಾನ ಅಳಿಸಿದೆ.”

ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

“ಶೈಲಕ್ಕ, ಖರೇ ಹೇಳ್ರಿ. ನಾ ಗುಡಿಸ್ಲಿಲ್ಲಂದ್ರ ಉಳೀತಿತ್ತೇನ್ರಿ?”

ನನ್ನ ಬಾಯಿ ಜೋರು ಅಂದೆನಲ್ಲ, ಆವತ್ತು ಅದೂ ಕೈಕೊಟ್ಟಿತು. ತಡಬಡಾಯಿಸಿ, “ಇಲ್ಲಬೇ. ಅದು ಮ್ಯಾಲಿನ ಮಟ್ಟದಾಗ ಆಗ್ಲೇ ತೀರ್ಮಾನ ಆಗಿತ್ತು. ಹೆಜ್ಜಿ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ನಿನ್ನಿಂದ ಏನೂ ಆಗಿಲ್ಲ” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಹಂಗಾರ ಇಷ್ಟ್ ವರ್ಷ ನಾವು ಯಾಕ ತಿರುಗಿದ್ವ್ರಿ?” ಎಂದಳು.

ಮೇಲೆ ಎಲ್ಲ ಮೊದಲೇ ತೀರ್ಮಾನವಾಗಿತ್ತು ಅಂದರೆ ನಮ್ಮ ರೈಲು, ಬೆಂಚು, ಸೀತಾಫಲ, ನನ್ನ ಟೈಪು ಎಲ್ಲ ಹುಚ್ಚಾಟ. ಆಗಿರಲಿಲ್ಲ ಅಂದರೆ ಗುಡ್ಡ ಕಳೆದದ್ದು ಆ ಕಸಬರಿಗೆ. ಎರಡರಲ್ಲಿ ಒಂದನ್ನು ಆಕೆಯ ಕೈಗೆ ಕೊಡಬೇಕಿತ್ತು, ನನಗೆ ಯಾವುದನ್ನೂ ಕೊಡಲಾಗಲಿಲ್ಲ. ಆಕೆ ಲೋಟವನ್ನು ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದಳು. ಕೂತಿದ್ದ ಜಾಗವನ್ನು ಸೆರಗಿನಿಂದ ಝಾಡಿಸದೆ ಎದ್ದುಹೋಗಿದ್ದು ನನಗೆ ಸಂಜೆ ನೆನಪಾಯಿತು.

ತಂತಿಬೇಲಿ ಹಾಕಲು ಕಂಪನಿಯವರು ಕಂಬ ತಂದು ಇಳಿಸಿದ ದಿನ ಸುಂಕಪ್ಪ ಪಾಳಿಗೆ ಹೋಗಲಿಲ್ಲ. “ನಡಿಯಲೇ, ಹೋಗಿ ಬರೋಣ” ಎಂದು ತಾನಾಗಿಯೇ ಹೆಂಡತಿಯನ್ನು ಕರೆದುಕೊಂಡು ಗುಡ್ಡ ಹತ್ತಿದನಂತೆ. ಪಿಕಾಸಿ ತಂದಿದ್ದ. ಮಗಳನ್ನು ತೆಗೆದು ಬೇರೆ ಕಡೆ ಇಡೋಣ ಅಂತ ಅವನ ಮನಸ್ಸು. ಮರದ ಹತ್ತಿರ ಬಂದು, ಯಾವ ಮಗ್ಗುಲು ಅಂತ ನೆನಪಾಗದೆ ನಿಂತುಬಿಟ್ಟ. ಆಕೆ ತೋರಿಸಿದಳು. ಅವನು ಪಿಕಾಸಿ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. “ಬಿಡ್ರಿ. ಅಕಿ ಇಷ್ಟೊತ್ತಿಗೆ ಮಣ್ಣಿನ ಕೂಡ ಮಣ್ಣಾಗ್ಯಾಳ. ಯಾವುದನ್ನಂತ ಆರಿಸ್ತೀರಿ?” ಎಂದಳಂತೆ ಆಕೆ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಇಳಿದು ಬಂದರು. ಇದನ್ನು ನನಗೆ ಹೇಳಿದವನು ಸುಂಕಪ್ಪ. ಹೇಳುವಾಗ ಅವನು ಗುಡ್ಡದ ಕಡೆಗೇ ಮುಖ ಮಾಡಿ ಕೂತಿದ್ದ. ಅಲ್ಲೀಗ ನೋಡಲು ಮರವಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗೋಡೆ ಇದೆ.

ಬಳಗ ಇನ್ನೂ ಇದೆ. ಮಾಸ್ತರರ ಕಣ್ಣಿಗೆ ಪೊರೆ ಬಂದಿದೆ, ಆದರೂ ಇನ್ನೊಂದು ಗುಡ್ಡದ ಮನವಿಗೆ ಸಹಿ ಹಾಕಿದರು. ಉಚ್ಚೆಂಗಮ್ಮ ಸಭೆಗೆ ಬರುವುದನ್ನು ನಿಲ್ಲಿಸಿದಳು. ಪಂಪೇಶ್ ಹೋಗಿ ಕರೆದ, ಮಾಸ್ತರರು ಊರುಗೋಲು ಹಿಡಿದು ಹೋಗಿ ಕರೆದರು. “ನನ್ನ ಕೈ ಚಲೋದಲ್ರಿ” ಎಂದಳಂತೆ. ಮಾಸ್ತರರ ಅಡುಗೆಮನೆಯಲ್ಲಿ ಈಗ ಪಂಪೇಶನೇ ಚಹಾ ಮಾಡುತ್ತಾನೆ, ಮಾಡಿ ಇಳಿಸುವವರೆಗೂ ಸಭೆ ಶುರುವಾಗುವುದಿಲ್ಲ.

ಮೊನ್ನೆ ನಾನು ಕೇರಿಗೆ ಹೋದೆ. ಉಳಿದ ಅಂಗಳಗಳೆಲ್ಲ ಗುಡಿಸಿದ್ದವು, ಆಕೆಯದೊಂದು ಬಿಟ್ಟು. ಧೂಳು ಚಪ್ಪಲಿ ಮುಳುಗುವಷ್ಟಿತ್ತು, ಅದರ ಮೇಲೆ ಬೇವಿನ ಎಲೆ, ಕೋಳಿ ಓಡಾಡಿದ ಗೆರೆ. ರಂಗೋಲಿ ಇಲ್ಲ. ಆಕೆ ಹೊಸ್ತಿಲ ಮೇಲೆ ಕೂತಿದ್ದಳು, ಬಹಳ ಇಳಿದುಹೋಗಿದ್ದಳು. ಊಟ ಆಯಿತೇ, ಮಳೆ ಆಯಿತೇ ಅಂತ ಮಾತಾಡಿದೆವು. ಗುಡ್ಡದ ಮಾತು ಇಬ್ಬರೂ ಎತ್ತಲಿಲ್ಲ. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಸುಂಕಪ್ಪ, ಅಂಗಳ ಹೀಗಿರುವಾಗ ಸಂಡೂರಿನಿಂದ ಜನ ಬಂದು ಕೂತಿದ್ದು ನೋಡಿ ನಾಚಿಕೆಪಟ್ಟುಕೊಂಡ. ಬುತ್ತಿಯ ಚೀಲ ಇಟ್ಟವನೇ ಬಾಗಿಲ ಹಿಂದಿನಿಂದ ಕಸಬರಿಗೆ ತಂದು ಬಗ್ಗಿದ.

ಉಚ್ಚೆಂಗಮ್ಮ ಕೈ ಚಾಚಿ ಅವನ ಮುಂಗೈ ಹಿಡಿದಳು. “ಬ್ಯಾಡ್ರಿ” ಎಂದಳು. “ಶೈಲಕ್ಕ ಬಂದಾಳ. ಆಕಿ ಬಂದಿದ್ದು ಕಾಣ್ಲಿ.”

ಅವನು ಕಸಬರಿಗೆ ಗೋಡೆಗಾನಿಸಿದ. ನಾನು ಹೋಗಿ ಬರ್ತೀನಿ ಅಂತ ಹೇಳಿ ಅಂಗಳ ದಾಟಿದೆ. ರಸ್ತೆಗೆ ಬಂದು ತಿರುಗಿ ನೋಡಿದಾಗ ಆಕೆ ಹೊಸ್ತಿಲಿಂದ ಇಳಿದು ಬಂದು, ಕೆಂಪು ಧೂಳಿನಲ್ಲಿ ಮೂಡಿದ್ದ ನನ್ನ ಹೆಜ್ಜೆಗಳನ್ನು ತುಳಿಯದಂತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.